1894ರ ಮಿಲಿಟರಿ ತೋಟಾವನ್ನು ಸ್ವೀಡನ್ ಬೇಟೆಗಾರರು ಇನ್ನೂ ಯಾಕೆ ಬಿಟ್ಟಿಲ್ಲ?

ಕಾಫಿಹೂ_ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಗಂಡ ಕೆಲಸದ ಮೇಲೆ ಸ್ವೀಡನ್‌ನಲ್ಲಿದ್ದಾನೆ. ಈ ಸಲ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ) ದಿನ ದೇವರ ಕೋಣೆ ಕನ್ನಿಕೊಂಬರೆಯಲ್ಲಿ ಕೋವಿಗಳನ್ನು ಇಟ್ಟು, ನಳಿಗೆಗೆ ತೋಕ್‌ಪೂ ಸಿಕ್ಕಿಸಿ, ಅವನಿಗೆ ಫೋಟೋ ಕಳಿಸಿದೆವು. ಅವನು ವಾಪಸ್ ಒಂದು ತೋಟಾದ ಫೋಟೋ ಕಳಿಸಿದ. ಅಲ್ಲಿ ಉತ್ತರದ ಕಡೆ ಸೆಪ್ಟೆಂಬರ್ ಮೊದಲ ಸೋಮವಾರ ಮೂಸ್ ಬೇಟೆ ಶುರುವಾಗುತ್ತದಂತೆ. ಆಫೀಸಿನವರ ಜೊತೆ ಸುಮ್ನೆ ನೋಡೋಕೆ ಹೋಗಿದ್ದ.

ಡಬ್ಬಿ ಮೇಲೆ 6.5×55 ಅಂತ ಬರೆದಿದೆ, ಅಂದರೆ ಬೋರ್ (ನಳಿಗೆಯ ಒಳ ಅಳತೆ) 6.5 ಮಿಮೀ, ಮದ್ದು ತುಂಬುವ ಹಿತ್ತಾಳೆ ಕೇಸ್ 55 ಮಿಮೀ ಉದ್ದ. ಇದು 1894ರಲ್ಲಿ ಸೈನ್ಯಕ್ಕೆ ಮಾಡಿದ ಕಾರ್ಟ್ರಿಜ್, ಇವತ್ತಿಗೂ ಊರಿನ ಅರ್ಧ ಜನ ಇದನ್ನೇ ಹೊಡೆಯುತ್ತಾರೆ ಅಂತ ಅವನು ಹೇಳುತ್ತಾನೆ. ಮೂಸ್ ಅಂದರೆ ನಾನೂರು ಕೆಜಿ ದಾಟುವ ಜಿಂಕೆ ಜಾತಿಯ ಪ್ರಾಣಿ. ನಮ್ಮ ಐನ್‌ಮನೆಯ ದೊಡ್ಡವರು ಫೋಟೋ ನೋಡಿ, 'ಇಷ್ಟು ಸಪೂರ ಗುಂಡಲ್ಲಿ ಏನಾಗುತ್ತೆ, ನಮ್ಮ .315 ಇದಕ್ಕಿಂತ ದಪ್ಪ' ಅಂದರು (.315 ಇಂಚಿನ ಲೆಕ್ಕ).

ನನ್ನ ಪ್ರಶ್ನೆ ಇದು. ಇಷ್ಟು ಹಳೇ ಮಿಲಿಟರಿ ತೋಟಾ ಯುರೋಪಿನಲ್ಲಿ ಯಾಕೆ ಉಳಿದಿದೆ? ಹೊಸದು ಸಿಗದೆ ಅಲ್ವಲ್ಲ? ಇನ್ನೊಂದು, ಅಲ್ಲಿ ಸೈನ್ಯದ ತೋಟಾ ಸಾಮಾನ್ಯ ಜನರ ಕೈಯಲ್ಲಿ ಇರಬಹುದಾದರೆ, ನಮ್ಮಲ್ಲಿ ಬ್ರಿಟಿಷ್ ಸೈನ್ಯದ .303 ಯಾಕೆ ಇರಬಾರದು?

ಇಲ್ಲಿ ಬೇಟೆ ಆಡುವ ಮಾತು ಬೇಡ, ಅದು ಕಾನೂನಿನಲ್ಲಿ ಇಲ್ಲ ಅಂತ ಎಲ್ಲರಿಗೂ ಗೊತ್ತು. ತಿಳಿದುಕೊಳ್ಳೋಕೆ ಕೇಳುತ್ತಿದ್ದೇನೆ ಅಷ್ಟೇ.

ಮಡಿಕೇರಿ_ಮಂಜು

ಅಭಿಮಾನ ಅಷ್ಟೇ ಕಣ್ರೀ. 'ನಮ್ಮಜ್ಜನ ಕಾಲದ್ದು' ಅನ್ನುವ ಖುಷಿ. ಈಗ 6.5 ಕ್ರೀಡ್‌ಮೂರ್ ಬಂದಿದೆ, ಅದೇ ಗುಂಡು, ಚಿಕ್ಕ ಕೇಸ್. ಇನ್ನು ಹತ್ತು ವರ್ಷದಲ್ಲಿ ಹಳೇದು ಮ್ಯೂಸಿಯಂ ಸೇರುತ್ತದೆ ನೋಡ್ತಿರಿ.

ಹಳೇ_ಆರ್ಮರರ್_ನಾಪೋಕ್ಲು

ಸೈನ್ಯದಲ್ಲಿ ನನ್ನ ಕೆಲಸವೇ ಆಯುಧ ರಿಪೇರಿ. ನಿವೃತ್ತನಾದ ಮೇಲೆ ಊರಲ್ಲಿ ಕೈಲ್‌ಪೊಳ್ದ್ ಹತ್ತಿರ ಬಂದರೆ ನಮ್ಮ ವರಾಂಡದಲ್ಲಿ ಕೋವಿಗಳ ಸಾಲು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಓದಿ.

ಮೊದಲು ದೊಡ್ಡವರ ಮಾತು. ಸಪೂರ ಅನ್ನುವುದು ನಿಜ. ಆದರೆ ಉದ್ದ ನೋಡಿದ್ದೀರಾ? 1894ರ ಸೈನ್ಯದ ಗುಂಡಿನ ತೂಕ 10.1 ಗ್ರಾಂ. 6.5 ಮಿಲಿಮೀಟರ್ ನಳಿಗೆಯಲ್ಲಿ ಅಷ್ಟು ಸೀಸ ತುಂಬಬೇಕಾದರೆ ಗುಂಡು ಉದ್ದವಾಗಲೇಬೇಕು. ತೂಕ ಜಾಸ್ತಿ, ಅಗಲ ಕಡಿಮೆ. ಹಾಗಾಗಿ ನೇರವಾಗಿ ಒಳಗೆ ಹೋಗುತ್ತದೆ, ಬೇಗ ನಿಲ್ಲುವುದಿಲ್ಲ. ದಬ್ಬಳದ ಲೆಕ್ಕ. ಇಂಥ ಉದ್ದ ಗುಂಡು ಗಾಳಿಯಲ್ಲಿ ತಲೆಕೆಳಗಾಗದೆ ಹೋಗಬೇಕಾದರೆ ಅದನ್ನು ಜೋರಾಗಿ ತಿರುಗಿಸಬೇಕು. ಅದಕ್ಕೇ ಸ್ವೀಡನ್‌ನ ನಳಿಗೆಯಲ್ಲಿ ಸುರುಳಿ ಗೆರೆ ಪ್ರತಿ 20 ಸೆಂಟಿಮೀಟರಿಗೆ ಒಂದು ಪೂರ್ತಿ ಸುತ್ತು. ಆ ಕಾಲಕ್ಕೆ ಇದು ತುಂಬ ಬಿಗಿಯಾದ ಸುತ್ತು.

ಈಗ ಅದೇ ಸುತ್ತು ಉಪಯೋಗಕ್ಕೆ ಬಂದಿದೆ. ಮಾಂಸದಲ್ಲಿ ಸೀಸದ ಚೂರು ಉಳಿಯುತ್ತದೆ, ಹದ್ದುಗಳು ತಿಂದು ಸಾಯುತ್ತವೆ ಅನ್ನುವ ಕಾರಣಕ್ಕೆ ಯುರೋಪಿನಲ್ಲಿ ಸೀಸದ ಗುಂಡಿನ ಮೇಲೆ ಕತ್ತಿ ತೂಗುತ್ತಿದೆ. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ ಗುಂಡಿನಲ್ಲೂ ಸೀಸ ನಿಷೇಧಿಸಿತು. ಬದಲಿಗೆ ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬೇಕು ಅಂದರೆ ಗುಂಡು ಇನ್ನೂ ಉದ್ದವಾಗುತ್ತದೆ. ಎಷ್ಟೋ ಬೇರೆ ಕ್ಯಾಲಿಬರ್‌ಗಳ ನಳಿಗೆಗೆ ಅದು ಕಷ್ಟ. ಈ 130 ವರ್ಷದ ಮುದುಕನಿಗೆ ಕಷ್ಟವಿಲ್ಲ.

ಇನ್ನು ಒದೆ. ಭುಜಕ್ಕೆ ಬೀಳುವ ಒದೆ ಕಡಿಮೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗಂಡಸರು ಅಂತೂ ಹೇಳುವುದೇ ಇಲ್ಲ. ಆದರೆ ಸತ್ಯ ಅದೇ. ಒದೆಯುವ ರೈಫಲ್ ಹಿಡಿದವನು ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ನಾನು ಫೈರಿಂಗ್ ರೇಂಜಿನಲ್ಲಿ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಮೆತ್ತಗಿನ ರೈಫಲ್ ಕೊಟ್ಟರೆ ಜಾಸ್ತಿ ಅಭ್ಯಾಸ ಮಾಡುತ್ತಾರೆ, ಜಾಸ್ತಿ ಅಭ್ಯಾಸ ಮಾಡಿದವರ ಗುಂಡು ಸರಿಯಾದ ಜಾಗಕ್ಕೆ ಬೀಳುತ್ತದೆ. ಮೂಸ್ ಬೀಳುವುದು ಗುಂಡು ಶ್ವಾಸಕೋಶಕ್ಕೆ ಬಿದ್ದಾಗ. ಹೊಟ್ಟೆಗೆ ಬಿದ್ದರೆ ಎಷ್ಟು ದಪ್ಪದ ಗುಂಡಾದರೂ ರಾತ್ರಿಯೆಲ್ಲ ಹುಡುಕಬೇಕು.

ಹಾಗಂತ ಇದು ಮಂತ್ರದ ಗುಂಡು ಅನ್ನುವವನು ನಾನಲ್ಲ. ಇಷ್ಟೇ ಒಳ್ಳೆಯ ತೋಟಾಗಳು ಬೇರೆಯೂ ಇವೆ, ಎಷ್ಟೋ ಸತ್ತುಹೋದವು. ಇದು ಉಳಿದಿದ್ದಕ್ಕೆ ಕಾರಣ ಸೈನ್ಯ ಮತ್ತು ಜನ, ಇಬ್ಬರೂ ಒಂದೇ ತೋಟಾ ಹೊಡೆದಿದ್ದು.

ಸ್ವೀಡನ್ ಮತ್ತು ನಾರ್ವೆ ಆಗ ಒಂದೇ ರಾಜನ ಕೆಳಗಿದ್ದವು. ಎರಡೂ ಸೇರಿ ಸಮಿತಿ ಮಾಡಿ ತೋಟಾ ಒಂದೇ ಇರಲಿ ಅಂದವು. ರೈಫಲ್ ಮಾತ್ರ ಬೇರೆ ಬೇರೆ ಆಯ್ತು. ನಾರ್ವೆಯವರು ಕ್ರಾಗ್ ಹಿಡಿದರು, ಸ್ವೀಡನ್‌ನವರು ಮೌಸರ್. 1905ರಲ್ಲಿ ದೇಶಗಳು ಬೇರೆಯಾದವು, ತೋಟಾ ಹಾಗೇ ಉಳಿಯಿತು. ಸ್ವೀಡನ್ ಎರಡೂ ಮಹಾಯುದ್ಧಗಳಲ್ಲಿ ತಟಸ್ಥವಾಗಿತ್ತು. ಅಂದರೆ ಅವರ ರೈಫಲ್‌ಗಳು ಕೆಸರು ಕಾಣಲಿಲ್ಲ. ಕಾಣಿಸಿದ್ದು ಪರೇಡ್, ಶೂಟಿಂಗ್ ರೇಂಜ್, ಎಣ್ಣೆ ಬಟ್ಟೆ. ಊರೂರಲ್ಲಿ ಶೂಟಿಂಗ್ ಸಂಘಗಳಿದ್ದವು. ಸರ್ಕಾರವೇ ಬೆನ್ನಿಗೆ ನಿಂತಿತ್ತು, ಯುದ್ಧ ಬಂದರೆ ಗುರಿ ಬಲ್ಲ ಜನ ಬೇಕಲ್ಲ. 1960ರ ದಶಕದಲ್ಲಿ ಸೈನ್ಯ 7.62 ಮಿಮೀ ತೋಟಾಕ್ಕೆ ಹೋದಾಗ ಆ ಮೌಸರ್‌ಗಳು ಕಡಿಮೆ ಬೆಲೆಗೆ ಜನರ ಕೈ ಸೇರಿದವು. ರೈಫಲ್ ಇದೆ, ರೇಂಜ್ ಇದೆ, ತೋಟಾ ಮಾಡುವ ನೋರ್ಮಾ ಕಂಪನಿ 1902ರಿಂದ ಅಲ್ಲೇ ಇದೆ. ಇನ್ಯಾಕೆ ಬೇರೆ ಹುಡುಕಬೇಕು?

ಕಾನೂನೂ ಒಪ್ಪುತ್ತದೆ. ಸ್ವೀಡನ್‌ನಲ್ಲಿ ಮೂಸ್‌ಗೆ ಗುಂಡು 10 ಗ್ರಾಂ ಅಥವಾ ಜಾಸ್ತಿ ಇದ್ದರೆ 100 ಮೀಟರಿನಲ್ಲಿ 2000 ಜೂಲ್ ಶಕ್ತಿ ಉಳಿದಿದ್ದರೆ ಸಾಕು. ಅದಕ್ಕಿಂತ ಹಗುರ, 9 ಗ್ರಾಂ ಮೇಲೆ ಇದ್ದರೆ 2700 ಜೂಲ್ ಬೇಕು. ಈಗ ಹಿಂದೆ ಹೋಗಿ ಹಳೇ ಗುಂಡಿನ ತೂಕ ನೋಡಿ: 10.1. ಇವತ್ತಿನ ಮೂಸ್ ಗುಂಡೂ ಅದೇ ತೂಕದಲ್ಲಿ ಸಿಗುತ್ತದೆ, ಆದರೆ ತುದಿ ಅರಳುವಂಥದ್ದು. ಸೈನ್ಯದ ಪೂರ್ತಿ ಹೊದಿಕೆಯ ಗುಂಡು ಮೂಸ್ ಬೇಟೆಗೆ ನಡೆಯುವುದಿಲ್ಲ. ಜರ್ಮನಿಯಲ್ಲಿ ದೊಡ್ಡ ಪ್ರಾಣಿಗೆ ಕನಿಷ್ಠ 6.5 ಮಿಮೀ, 100 ಮೀಟರಿನಲ್ಲಿ 2000 ಜೂಲ್. ಅಲ್ಲೂ ಪಾಸ್.

ಮಂಜು ಅವರೇ, ಕ್ರೀಡ್‌ಮೂರ್ ಕೆಟ್ಟದ್ದಲ್ಲ. 2007ರಲ್ಲಿ ಅಮೆರಿಕದಲ್ಲಿ ಟಾರ್ಗೆಟ್ ಶೂಟಿಂಗ್‌ಗೆ ಅಂತ ಮಾಡಿದ್ದು. ಕೇಸ್ ಗಿಡ್ಡ, ಹಾಗಾಗಿ ಬೋಲ್ಟ್ ಗಿಡ್ಡ. ಮಾರಾಟವೂ ಚೆನ್ನಾಗಿದೆ. ಆದರೆ ಅದು ಮಾಡುವ ಕೆಲಸ 1894ರಲ್ಲೇ ಮಾಡಿ ಮುಗಿಸಿದವರಿಗೆ ನೀವು ಅದನ್ನು ಹೇಗೆ ಮಾರುತ್ತೀರಿ?

ಎರಡನೇ ಪ್ರಶ್ನೆ, .303. ನನಗೆ ಇದೇ ಹೆಚ್ಚು ಮಜಾ ಕೊಡುವ ವಿಷಯ.

ಬ್ರಿಟಿಷರಿಗೆ ಇಲ್ಲಿ ಒಂದು ಹೆದರಿಕೆ ಇತ್ತು. ಸೈನ್ಯದ ತೋಟಾ ಕದ್ದರೆ ಅದು ಜನರ ಕೋವಿಗೆ ಹೊಂದಬಾರದು. ಜನ ಅಂಗಡಿಯಲ್ಲಿ ಕೊಂಡ ತೋಟಾ ದಂಗೆಕೋರನ ಕೈಯಲ್ಲಿರುವ ಸೈನ್ಯದ ರೈಫಲ್‌ಗೂ ಹೊಂದಬಾರದು. ಅದಕ್ಕೆ ಸೈನ್ಯದ ಬೋರ್‌ಗಳನ್ನೇ ಮುಚ್ಚಿದರು. .303 ಇಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಭಾರತ ಮತ್ತು ಸುಡಾನ್‌ಗೆ .450 ಕೂಡ ಬೇಡ ಅಂದರು, ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ರೈಫಲ್ ಅದೇ ಬೋರ್ ಆಗಿತ್ತಲ್ಲ. ಲಂಡನ್‌ನ ಕೋವಿ ಅಂಗಡಿಗಳವರು ತಲೆ ಕೆರೆದುಕೊಂಡು .465, .470 ಅಂತ ಹೊಸ ಬೋರ್ ಹುಟ್ಟಿಸಿದರು. ಆನೆ ಹುಲಿ ಹೊಡೆಯುವ ದೊರೆಗಳಿಗೆ ಇನ್ನೇನು ಕೊಡುವುದು?

ಸಾಮಾನ್ಯ ರೈಫಲ್‌ಗೆ ಹುಡುಕಿದ್ದು ಏನು ಗೊತ್ತಾ? ಬ್ರಿಟಿಷ್ ಸೈನ್ಯದಲ್ಲಿ ಇಲ್ಲದ, ಆದರೆ .303 ತರಹವೇ ಹಿಂಬದಿಗೆ ಅಂಚು ಇರುವ ಒಂದು ತೋಟಾ. ಅದು ಸಿಕ್ಕಿದ್ದು ಆಸ್ಟ್ರಿಯಾ-ಹಂಗೇರಿ ಸೈನ್ಯದಲ್ಲಿ. 8×50 ಮಾನ್‌ಲಿಕರ್. ಹೊಗೆರಹಿತ ಮದ್ದಿನ ಆ ತೋಟಾ ಬಂದಿದ್ದು 1890ರಲ್ಲಿ. 8 ಮಿಲಿಮೀಟರನ್ನು ಇಂಚಿಗೆ ತಿರುಗಿಸಿ ನೋಡಿ. .315!

ಹೌದು ಸ್ವಾಮಿ. ನಿಮ್ಮ ಐನ್‌ಮನೆ ಗೋಡೆ ಮೇಲಿರುವ .315 ಕೂಡ ಯುರೋಪಿನ ಹಳೇ ಮಿಲಿಟರಿ ತೋಟಾವೇ. ಸ್ವೀಡನ್‌ನದ್ದಕ್ಕಿಂತ ನಾಲ್ಕು ವರ್ಷ ದೊಡ್ಡದು. ಬಿಎಸ್‌ಎ ಅನ್ನುವ ಇಂಗ್ಲೆಂಡಿನ ಕಂಪನಿ .303 ರೈಫಲ್‌ನ ತರಹದ ಲೀ ಬೋಲ್ಟ್ ಹಾಕಿ ಇಲ್ಲಿಗೆ ಕಳಿಸುತ್ತಿತ್ತು. ಸ್ವಾತಂತ್ರ್ಯದ ನಂತರ ಇಶಾಪುರದ ರೈಫಲ್ ಫ್ಯಾಕ್ಟರಿ ಅದನ್ನೇ ಮುಂದುವರಿಸಿತು. ಬೋಲ್ಟ್ ಬಿಚ್ಚಿ ನೋಡಿದರೆ ನನ್ನಂಥವರಿಗೆ ಅದು .303ರದ್ದೇ ಮನೆತನ ಅಂತ ತಕ್ಷಣ ಗೊತ್ತಾಗುತ್ತದೆ.

ಆದರೆ ವ್ಯತ್ಯಾಸ ನೋಡಿ. ಅಲ್ಲಿ ತೋಟಾ ಬೆಳೆಯಿತು. ಹೊಸ ಮದ್ದು, ಹತ್ತಾರು ತರಹದ ಗುಂಡು, ಹೊಸ ರೈಫಲ್. ಇಲ್ಲಿ ಅದು ನಿಂತಲ್ಲೇ ನಿಂತಿತು. ಆಸ್ಟ್ರಿಯಾದ ಹಳೇ ಲೆಕ್ಕ 15.8 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 620 ಮೀಟರ್. ನಿಧಾನ, ಭಾರ, ಮೂತಿ ಮೊಂಡು. ಹತ್ತಿರಕ್ಕೆ ಚೆನ್ನಾಗಿದೆ, ದೂರಕ್ಕೆ ಗುಂಡು ಬೇಗ ಇಳಿಯುತ್ತದೆ. ಆಯ್ಕೆ ಇಲ್ಲದ ಕಡೆ ತೋಟಾ ಸುಧಾರಿಸುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಜಗಳ ಆಡೋಣ.

ನಮ್ಮ ಕಾನೂನಿನಲ್ಲಿ .303 ಮತ್ತು 7.62 ಇವತ್ತಿಗೂ ನಿಷೇಧಿತ ಬೋರ್. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ಲೈಸೆನ್ಸ್ ವಿಷಯದ್ದು. 1861ರಲ್ಲಿ ಬ್ರಿಟಿಷ್ ಅಧಿಕಾರಿ ಕಬ್ಬನ್ ಕಾಲದಲ್ಲಿ ಬಂದಿದ್ದು, 2019ರಲ್ಲಿ ಕೇಂದ್ರ ಗೃಹ ಇಲಾಖೆ ಹತ್ತು ವರ್ಷಕ್ಕೆ ವಿಸ್ತರಿಸಿತು. ವಿನಾಯಿತಿ ಇದೆ ಅಂತ .303 ತಂದಿಡಬಹುದು ಅಂದುಕೊಳ್ಳಬೇಡಿ. ತಮಾಷೆ ಏನೆಂದರೆ, ನಮ್ಮ ಸೈನ್ಯ .303 ಬಿಟ್ಟು ಅರ್ಧ ಶತಮಾನ ದಾಟಿತು. ಉತ್ತರ ಪ್ರದೇಶದ ಪೊಲೀಸರು 2020ರಲ್ಲಿ ಅದಕ್ಕೆ ವಿದಾಯ ಹೇಳಿದರು. ಬ್ರಿಟಿಷರ ಹೆದರಿಕೆ ಮಾತ್ರ ಪುಸ್ತಕದಲ್ಲಿ ಹಾಗೇ ಇದೆ.

ಕೊನೆಗೆ, ಸಂಬಂಧವಿಲ್ಲದ ಒಂದು ಮಾತು. ದಯವಿಟ್ಟು ನಳಿಗೆಗೆ ತೆಂಗಿನೆಣ್ಣೆ ಹಾಕಬೇಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಅಂಟಾಗಿ ಕೂರುತ್ತದೆ, ಆಮೇಲೆ ನನ್ನ ಹತ್ತಿರ ತರುತ್ತೀರಿ.

ಸೋಮವಾರಪೇಟೆ_ಟು_ಉಮಿಯೋ

ನಾನು ಇಲ್ಲೇ ಉತ್ತರ ಸ್ವೀಡನ್‌ನಲ್ಲಿದ್ದೇನೆ. ಬೇಟೆ ಪರೀಕ್ಷೆ ಪಾಸ್ ಮಾಡಿದ್ದೇನೆ, ಇಲ್ಲಿ ಅದಿಲ್ಲದೆ ಕೋವಿಗೆ ಲೈಸೆನ್ಸ್ ಸಿಗುವುದಿಲ್ಲ. ಪ್ರಾಣಿಗಳು, ಕಾನೂನು, ಸುರಕ್ಷತೆ ಎಲ್ಲ ಓದಬೇಕು. ನಮ್ಮ ಎಸ್‌ಎಸ್‌ಎಲ್‌ಸಿ ತರಹ ಗೈಡ್ ಓದಿ ಪಾಸಾಗೋಕೆ ಆಗಲ್ಲ.

ಆರ್ಮರರ್ ಹೇಳಿದ ಅಭ್ಯಾಸದ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿನ ರೇಂಜ್‌ಗಳಲ್ಲಿ ಮೂಸ್ ಆಕಾರದ ದೊಡ್ಡ ಹಲಗೆ ಹಳಿ ಮೇಲೆ ಓಡುತ್ತದೆ, 80 ಮೀಟರ್ ದೂರದಲ್ಲಿ. ಬೇಸಿಗೆ ಸಂಜೆ ಎಲ್ಲರೂ ಅಲ್ಲಿ ಸೇರುತ್ತಾರೆ. ಅಜ್ಜಿಯರೂ ಬರುತ್ತಾರೆ. ನಮ್ಮ ತಂಡದ ಅತ್ಯುತ್ತಮ ಗುರಿಗಾರ್ತಿ ಒಬ್ಬ ನಿವೃತ್ತ ನರ್ಸ್, ಅವರ ಕೈಯಲ್ಲಿರುವುದು 6.5×55. ಅದು ಅವರ ತಂದೆಯ ರೈಫಲ್.

ಕಾಡಿನಲ್ಲಿ ಹೊಡೆಯುವುದು ಬಹಳ ಸಲ 100 ಮೀಟರ್ ಒಳಗೇ. ನಾಯಿ ಮೂಸನ್ನು ತಡೆದು ನಿಲ್ಲಿಸಿ ಬೊಗಳುತ್ತದೆ, ನಾವು ಸದ್ದಿಲ್ಲದೆ ಹತ್ತಿರ ಹೋಗಬೇಕು. ಅಷ್ಟು ಹತ್ತಿರದಲ್ಲಿ ಜಾಸ್ತಿ ಮದ್ದಿನ ಮ್ಯಾಗ್ನಮ್ ತೋಟಾ ಏನೂ ಬೇಡ. ಆದರೂ ತಂಡದ ಯುವಕರಲ್ಲಿ .308 ಜಾಸ್ತಿ, .30-06 ಕೂಡ ಇದೆ. ಹಾಗಾಗಿ 'ಊರಿನ ಅರ್ಧ ಜನ' ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಅಂದಹಾಗೆ ಅವೆರಡೂ ಸೈನ್ಯದ ಸಂಬಂಧದವೇ. ಪಕ್ಕದ ಫಿನ್‌ಲ್ಯಾಂಡಿನವರು ರಷ್ಯಾದ 1891ರ ತೋಟಾದ ತಮ್ಮದೇ ರೂಪ ಇಟ್ಟುಕೊಂಡಿದ್ದಾರೆ.

ಮಡಿಕೇರಿ_ಮಂಜು

ಸರಿ, ಸರಿ, ಅಜ್ಜಿಯರ ಮುಂದೆ ಕ್ರೀಡ್‌ಮೂರ್ ವಾಪಸ್ ತೆಗೆದುಕೊಂಡೆ. ಆದರೆ ಯುರೋಪ್ ಅಂದರೆ ಬರೀ ಸ್ವೀಡನ್ ಅಲ್ಲ. ಅಲ್ಲೆಲ್ಲೂ ಸೈನ್ಯದ ಬೋರ್ ನಿಷೇಧ ಇರಲೇ ಇಲ್ವಾ?

ಹಳೇ_ಆರ್ಮರರ್_ನಾಪೋಕ್ಲು

ಇತ್ತು. ಫ್ರಾನ್ಸ್ ನೋಡಿ. ಅಲ್ಲಿ 2013ರವರೆಗೂ ಯುದ್ಧದ ಕ್ಯಾಲಿಬರ್ ಅಂತ ಬೇರೆ ಪಟ್ಟಿ. ಸಾಮಾನ್ಯ ಬೇಟೆಗಾರನಿಗೆ ಅವು ಸಲೀಸಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಅವರು 7×64 ತರಹದ ಬೇಟೆಯ ತೋಟಾಗಳಿಗೆ ಹೋದರು. ಕಾನೂನು ಬದಲಾದ ಮೇಲೆ ಅವರೂ .308 ಕಡೆ ತಿರುಗಿದ್ದಾರೆ. ನಮ್ಮ ಕಥೆಗೂ ಅವರ ಕಥೆಗೂ ಬಹಳ ಹೋಲಿಕೆ ಇದೆ. ಅವರು ಮಾತ್ರ ಪಟ್ಟಿ ಹರಿದು ಹಾಕಿದರು.

ಜರ್ಮನಿಯಲ್ಲಿ 8×57 ಇದೆ, 1888ರದ್ದು. ಕಾಡುಹಂದಿ ಬೇಟೆಗೆ ಇವತ್ತಿಗೂ ಹೊಡೆಯುತ್ತಾರೆ.

ಗೋಣಿಕೊಪ್ಪ_ಮೊಮ್ಮಗ

8 ಮಿಮೀ ಮಾತು ಬಂತಲ್ಲ, ಅದಕ್ಕೇ ಕೇಳುತ್ತೇನೆ. ತಾತನ ಟ್ರಂಕಿನಲ್ಲಿ ಹಳೇ ತೋಟಾಗಳು ಸಿಕ್ಕಿವೆ. ಹಿಂಬದಿಯಲ್ಲಿ 8 ಮತ್ತು 57 ಅಂತ ಇದೆ. .315 ಅಂದರೂ 8 ಮಿಮೀ ಅಂದಿರಿ. ನಮ್ಮ .315ಗೆ ಹೊಂದುತ್ತಾ? ಪುತ್ತರಿಗೆ ಕದಿರು ಕೊಯ್ಯುವಾಗ ಗಾಳಿಯಲ್ಲಿ ಹಾರಿಸೋಕೆ ಅಷ್ಟೇ.

ಹಳೇ_ಆರ್ಮರರ್_ನಾಪೋಕ್ಲು

ಬೇಡ. ಬೇಡವೇ ಬೇಡ. ಟ್ರಂಕ್ ಮುಚ್ಚಿ ಮೊದಲು.

.315ರ ಕೇಸ್‌ಗೆ ಹಿಂದೆ ಅಂಚು ಇದೆ, ಇದಕ್ಕೆ ಇಲ್ಲ. ಉದ್ದ ಬೇರೆ, ಆಕಾರ ಬೇರೆ, ಒತ್ತಡ ತುಂಬ ಜಾಸ್ತಿ. ಲೀ ಬೋಲ್ಟ್‌ನ ಲಗ್‌ಗಳು (ಬೋಲ್ಟನ್ನು ಹಿಡಿದಿಡುವ ಮುಂಚಾಚುಗಳು) ಹಿಂದೆ ಇರುತ್ತವೆ, ಆ ಒತ್ತಡಕ್ಕೆ ಮಾಡಿದ್ದಲ್ಲ. ಒಂದೇ ಸಂಖ್ಯೆ ಬರೆದಿದೆ ಅಂತ ತೋಟಾ ಒಂದೇ ಆಗುವುದಿಲ್ಲ.

ಈ 8×57ರಲ್ಲೇ ಎರಡು ಜಾತಿ ಇದೆ ಅಂದರೆ ನಂಬುತ್ತೀರಾ? 1888ರ ಮೊದಲನೆಯದಕ್ಕೆ ಗುಂಡಿನ ದಪ್ಪ ಸುಮಾರು 8.08 ಮಿಮೀ. 1905ರ ಹೊತ್ತಿಗೆ ಜರ್ಮನ್ ಸೈನ್ಯ ಚೂಪು ಮೂತಿಯ ಗುಂಡಿಗೆ ಹೋಯಿತು, ದಪ್ಪ 8.20 ಮಾಡಿತು. ಕೇಸ್ ನೋಡಿದರೆ ಎರಡೂ ಒಂದೇ ಥರ. ಹಳೇ ನಳಿಗೆಗೆ ಹೊಸ ಗುಂಡು ಹಾಕಿದರೆ ಜಾಗ ಸಾಲುವುದಿಲ್ಲ, ಒತ್ತಡ ಎಲ್ಲೋ ಹೋಗುತ್ತದೆ. ಅದಕ್ಕೇ ಹೊಸದಕ್ಕೆ ಎಸ್ ಅಂತ ಗುರುತು. ಈ ಗೊಂದಲಕ್ಕೆ ಹೆದರಿ ಅಮೆರಿಕದ ಕಂಪನಿಗಳು ಈ ತೋಟಾಕ್ಕೆ ಮದ್ದನ್ನೇ ಕಡಿಮೆ ತುಂಬುತ್ತವೆ. ಅಲ್ಲಿನ ಡಬ್ಬಿ ಹೊಡೆದವರು '8 ಮೌಸರ್ ಸಪ್ಪೆ' ಅನ್ನುತ್ತಾರೆ, ಜರ್ಮನ್ ಡಬ್ಬಿ ಹೊಡೆದವರು ಹಾಗೆ ಅನ್ನುವುದಿಲ್ಲ.

ನಿಮ್ಮ ಮನೆಯಲ್ಲಿ ಆ ಬೋರ್‌ನ ದಾಖಲೆ ಇರುವ ರೈಫಲ್ ಇಲ್ಲದಿದ್ದರೆ ಆ ತೋಟಾ ಇಟ್ಟುಕೊಳ್ಳುವುದೇ ತೊಂದರೆ. ಠಾಣೆಗೆ ಬರೆದುಕೊಟ್ಟು ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ಪುತ್ತರಿಗೆ 12 ಬೋರ್ ಸಾಕು, ಸದ್ದೂ ಚೆನ್ನಾಗಿರುತ್ತದೆ.

ಗೋಣಿಕೊಪ್ಪ_ಮೊಮ್ಮಗ

ಆಯ್ತು ಸಾರ್. ನಾಳೆಯೇ ಹೋಗುತ್ತೇನೆ. ತಾತನಿಗೆ ಇವು ಎಲ್ಲಿಂದ ಬಂತೋ, ಆಫ್ರಿಕಾದಲ್ಲಿ ಯುದ್ಧಕ್ಕೆ ಹೋಗಿದ್ದರು ಅಂತ ಮಾತ್ರ ಗೊತ್ತು.

ಕಾಫಿಹೂ_ಸಿದ್ದಾಪುರ

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. .315 ಆಸ್ಟ್ರಿಯಾದ್ದು ಅಂತ ದೊಡ್ಡವರಿಗೆ ಓದಿ ಹೇಳಿದೆ. ಮೊದಲು ನಂಬಲಿಲ್ಲ, ಆಮೇಲೆ 'ಹಾಗಾದರೆ ನಮ್ಮದೇ ಹಳೇದು' ಅಂತ ಖುಷಿಪಟ್ಟರು. ವಾದ ಗೆದ್ದವರು ಅವರೇ ಅಂತೆ.

ಇನ್ನೊಂದು ಸಣ್ಣ ಪ್ರಶ್ನೆ. ತಂಗಿ ಗಂಡ ಡಿಸೆಂಬರ್‌ನಲ್ಲಿ ಬರುತ್ತಾನೆ. ಹೊಡೆದು ಬಿದ್ದ ಖಾಲಿ ಕೇಸ್ ಒಂದನ್ನು ನೆನಪಿಗೆ ತರಲಾ ಅಂತ ಕೇಳುತ್ತಿದ್ದಾನೆ. ಶೋಕೇಸ್‌ನಲ್ಲಿ ಇಡೋಣ ಅಂತ. ಖಾಲಿ ಹಿತ್ತಾಳೆ ತಾನೇ?

ಹಳೇ_ಆರ್ಮರರ್_ನಾಪೋಕ್ಲು

ತರಬೇಡ ಅನ್ನಿ. ನಮ್ಮ ಆಯುಧ ಕಾಯ್ದೆಯಲ್ಲಿ ತೋಟಾದ ಭಾಗಗಳೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತವೆ. ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್ ನೋಡುವ ಹುಡುಗನಿಗೆ ಅದು ಖಾಲಿಯೋ ತುಂಬಿದ್ದೋ ಅಂತ ವಿವರಿಸುತ್ತಾ ಕೂತರೆ ಮಡಿಕೇರಿ ಬಸ್ ತಪ್ಪುತ್ತದೆ, ಅದೃಷ್ಟ ಚೆನ್ನಾಗಿದ್ದರೆ ಅಷ್ಟೇ. ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಒಳ್ಳೆ ಫೋಟೋ ತೆಗೆಯಲಿ. ಹಿಂಬದಿಯ ಅಕ್ಷರಗಳು ಕಾಣಬೇಕು. ಇಲ್ಲೂ ಹಾಕಿ, ನನಗೂ ನೋಡಬೇಕು.

ಸೋಮವಾರಪೇಟೆ_ಟು_ಉಮಿಯೋ

ಫೋಟೋ ನಾನೇ ಹಾಕುತ್ತೇನೆ, ಶನಿವಾರ ರೇಂಜ್‌ಗೆ ಹೋಗುತ್ತೇನೆ. ನರ್ಸಮ್ಮನ ರೈಫಲ್‌ನದ್ದೂ ಕೇಳಿ ನೋಡುತ್ತೇನೆ.